ತಾವರೆ ಬೀಜದ ಹೂರ್ಣ: ಮನೇಲೇ ಮಾಡೋದಾ, ಪ್ಯಾಕೆಟ್ ತರ್ಸೋದಾ?

ಪ್ರಶ್ನೆ: ಮೇಡಂ ನಮಸ್ಕಾರ. ಮಗ ಸಿಂಗಾಪುರದಿಂದ ಮೂನ್‌ಕೇಕ್ ಅಂತ ಚೀನೀಯರ ಹಬ್ಬದ ಸಿಹಿ ತಂದಿದ್ದ, ಒಳಗಡೆ ತಾವರೆ ಬೀಜದ ಹೂರ್ಣ, ಮನೇಲಿ ಎಲ್ರಿಗೂ ಹಿಡಿಸ್ತು. ಆನ್‌ಲೈನಲ್ಲಿ ರೆಡಿ ಪೇಸ್ಟ್ ಇದೆ, ರೇಟ್ ಜಾಸ್ತಿ. ಮಂಡಿಪೇಟೇಲಿ ಬೀಜ ಕೇಳಿದ್ರೆ ಒಂದಂಗಡೀಲಿ ಮಖಾನಾ ಕೊಟ್ರು, ಗ್ರಂಥಿಗೆ ಅಂಗಡೀಲಿ ಕಪ್ಪು ಗಟ್ಟಿ ಬೀಜ ಕೊಟ್ರು. ಯಾವುದ್ರಲ್ಲಿ ಮಾಡ್ಲಿ, ಇಲ್ಲಾ ತರಿಸ್ಕೊಳ್ಳೋದೇ ವಾಸಿನಾ?
- ಓದುಗರು, ತುಮಕೂರು

ಉತ್ತರ: ಮನೇಲೇ ಮಾಡಿ, ಆದ್ರೆ ಆ ಎರಡರಲ್ಲೂ ಬೇಡ. ಮಖಾನಾ ತಾವರೇದಲ್ಲ, ಬಿಹಾರದ ಕಡೆ ಕೆರೆಗಳಲ್ಲಿ ಬೆಳೆಯೋ ಇನ್ನೊಂದು ಮುಳ್ಳು ಗಿಡದ ಬೀಜ, ಅರಳು ಮಾಡಿರ್ತಾರೆ, ಅದ್ರಲ್ಲಿ ಈ ಹೂರ್ಣ ಬರಲ್ಲ. ಕಪ್ಪು ಬೀಜ ತಾವರೇದೇ, ಆದ್ರೆ ಅದರ ಸಿಪ್ಪೆಯೊಳಗೆ ನೀರೇ ಇಳಿಯಲ್ಲ, ಚೀನಾದಲ್ಲಿ ಬತ್ತಿದ ಕೆರೆಯೊಂದ್ರ ಮಣ್ಣಲ್ಲಿ ಸಿಕ್ಕ ಸುಮಾರು 1,300 ವರ್ಷದ ಬೀಜ ಮೊಳಕೆ ಒಡೆದಿದೆ ಅಂದ್ರೆ ಎಷ್ಟು ಭದ್ರ ನೋಡಿ, ಒಂದೊಂದನ್ನೂ ಕುಟ್ಟಿ ಒಡೆಯೋಷ್ಟರಲ್ಲಿ ಕೈ ಬಿದ್ದೋಗುತ್ತೆ. ಸಿಪ್ಪೆ ತೆಗೆದ, ಕೆನೆ ಬಣ್ಣದ ಒಣ ಬೀಜ ಆನ್‌ಲೈನಲ್ಲೇ ಸಿಗುತ್ತೆ, ಅದನ್ನ ತರ್ಸಿ.

ಕಾಲು ಕೆಜಿ ಬೀಜ ರಾತ್ರಿ ನೆನೆಹಾಕಿ, ಬೆಳಗ್ಗೆ ಪ್ರತಿ ಬೀಜಾನೂ ಎರಡು ಹೋಳು ಮಾಡಿ ನೋಡಿ, ನಡುವೆ ಹಸಿರು ಮೊಳಕೆ ಇದ್ರೆ ಕಿತ್ತಾಕಿ. ಇದೊಂದು ಕೆಲಸಕ್ಕೆ ಸೋಮಾರಿತನ ಬೇಡವೇ ಬೇಡ, ಅದು ವಿಪರೀತ ಕಹಿ, ನಾಲ್ಕೈದು ಉಳಿದ್ರೂ ಬಾಯಿಗೆ ಗೊತ್ತಾಗುತ್ತೆ. ಆಮೇಲೆ ಕುಕ್ಕರಲ್ಲಿ ಬೆರಳಲ್ಲಿ ಒತ್ತಿದ್ರೆ ಪುಡಿಯಾಗೋ ಹಾಗೆ ಬೇಯಿಸಿ, ನುಣ್ಣಗೆ ರುಬ್ಬಿ, ದಪ್ಪ ತಳದ ಬಾಣಲೇಲಿ 150 ಗ್ರಾಂ ಸಕ್ಕರೆ ಹಾಕಿ ಸಣ್ಣ ಉರೀಲಿ ತಿರುವ್ತಾ, ಸುಮಾರು 100 ಎಂಎಲ್ ಎಣ್ಣೆ ಸ್ವಲ್ಪ ಸ್ವಲ್ಪನೇ ಬಿಡಿ, ಒಂದು ಸಲದ್ದು ಪೂರ್ತಿ ಹೀರ್ಕೊಂಡ ಮೇಲೇ ಇನ್ನೊಂದು ಸಲ. ಒಬ್ಬಟ್ಟಿನ ಹೂರ್ಣ ಗೊಟಾಯಿಸಿದ ಹಾಗೇ, ಬಾಣಲೆ ಬಿಟ್ಟು ಉಂಡೆಯಾಗಿ ಬಂದ್ರೆ ಆಯ್ತು. ಬ್ರೌನ್ ಬಣ್ಣ ಬೇಕಂದ್ರೆ ಒಂದಿಷ್ಟು ಸಕ್ಕರೆ ಮೊದ್ಲೇ ಎಣ್ಣೇಲಿ ಕೆಂಪಗೆ ಕರಗಿಸ್ಕೊಳ್ಳಿ. ಎಣ್ಣೆ ಕಡಲೆಕಾಯಿದೇ ಇರ್ಲಿ, ಮೂನ್‌ಕೇಕಿಗೆ ಹೆಸರಾದ ಚೀನಾದ ಗ್ವಾಂಗ್‌ಡಾಂಗ್ ಕಡೆಯವ್ರೂ ಅದನ್ನೇ ಹಾಕೋದು, ನಮ್ಗಂತೂ ಪಾವಗಡ, ಶಿರಾದ ಕಾಯಿ ಪಕ್ಕದಲ್ಲೇ ಇದೆ.

ಪ್ಯಾಕೆಟ್ಟಿನದು ನನಗೆ ಅಷ್ಟು ಇಷ್ಟ ಆಗಲ್ಲ. ಸಿಹಿ ಜಾಸ್ತಿ, ಎಣ್ಣೆ ಜಾಸ್ತಿ, ಕಮ್ಮಿ ರೇಟಿಂದ್ರಲ್ಲಿ ಬಿಳಿ ಬೀನ್ಸ್ ಪೇಸ್ಟ್ ಬೆರೆಸಿರ್ತಾರೆ, ತಾವರೆ ಬೀಜದ ಆ ತಿಳಿ ಘಮ ಎಲ್ಲೋ ಹೋಗ್ಬಿಟ್ಟಿರುತ್ತೆ. ತರ್ಸೋದಾದ್ರೆ ಲೇಬಲ್ಲಿನ ಸಾಮಗ್ರಿ ಪಟ್ಟೀಲಿ ಮೊದಲನೇ ಹೆಸರು ತಾವರೆ ಬೀಜದ್ದೇನಾ ನೋಡಿ, ಮಾಂಸ ತಿನ್ನದ ಮನೆಯಾದ್ರೆ ಹಂದಿ ಕೊಬ್ಬು ಇದ್ಯಾ ಅಂತಾನೂ ನೋಡಿ, ಕೆಲವು ಕಡೆ ಹಾಕ್ತಾರೆ. ಆದ್ರೂ ನೆಂಟರಿಗೆಲ್ಲ ಹಂಚೋಕೆ ತುಂಬಾ ಮಾಡ್ಬೇಕು, ಜಾಸ್ತಿ ದಿನ ಇಡ್ಬೇಕು ಅಂದ್ರೆ ಪ್ಯಾಕೆಟ್ಟೇ ಅನುಕೂಲ, ಸಕ್ಕರೆ ಎಣ್ಣೆ ಕಮ್ಮಿ ಇರೋ ಮನೇದು ಫ್ರಿಜ್ಜಲ್ಲಿ ನಾಲ್ಕೈದು ದಿನ ಅಷ್ಟೇ, ಮಿಕ್ಕಿದ್ದನ್ನ ಉಂಡೆ ಕಟ್ಟಿ ಫ್ರೀಜರ್‌ಗೆ ಹಾಕಿ.