ಹಬ್ಬದ ತಿಂಡಿಗೆ ಯಾಕಿಷ್ಟು ಕೆಲಸ?

ಪ್ರಶ್ನೆ: ಹಬ್ಬದ ತಿಂಡಿಗಳೆಲ್ಲ ಯಾಕೆ ಇಷ್ಟು ರೇಜಿಗೆಯವು? ನೆನೆಸು, ರುಬ್ಬು, ಕೈಯಾಡಿಸು, ಮಡಿಸು. ಬೇರೆ ದೇಶದವರೂ ಹೀಗೇ ಒದ್ದಾಡುತ್ತಾರಾ? ಈ ಸಲ ಎಲ್ಲಾ ಹೊರಗಿನಿಂದಲೇ ತರಿಸಿಬಿಡೋಣ ಅನ್ನಿಸಿದೆ.
- ಸುಸ್ತಾದ ಗೃಹಿಣಿ

ಉತ್ತರ: ನಿಮಗಿಂತ ಜಾಸ್ತಿ ಒದ್ದಾಡುವವರೂ ಇದ್ದಾರೆ! ಉಜ್ಬೇಕಿಸ್ತಾನದ ಸುಮಲಕ್ ನೋಡಿ. ಮಾರ್ಚ್ 21ರ ಆಸುಪಾಸಿನಲ್ಲಿ ಬರುವ ನೌರೂಜ್ ಹಬ್ಬಕ್ಕೆ ಇದನ್ನು ಮಾಡುತ್ತಾರೆ. ಗೋಧಿ ನೆನೆಸಿ ಮೊಳಕೆ ಬರಿಸಬೇಕು. ಅದಕ್ಕೇ ಕೆಲವು ದಿನ ಬೇಕು. ಮೊಳಕೆಯನ್ನು ಅರೆದು, ಹಿಂಡಿ, ಹಾಲು ತೆಗೆದು, ಹಿಟ್ಟು ಮತ್ತು ಎಣ್ಣೆಯ ಜೊತೆ ದೊಡ್ಡ ಕಡಾಯಿಯಲ್ಲಿ ರಾತ್ರಿಯಿಡೀ ಕಾಯಿಸುತ್ತಾರೆ. ಸಕ್ಕರೆ ಹಾಕುವುದಿಲ್ಲ. ಆದರೂ ಸಿಹಿ! ಗೋಧಿ ಮೊಳೆಯುವಾಗ ಹುಟ್ಟುವ ಕಿಣ್ವಗಳು ಪಿಷ್ಟವನ್ನೇ ಸಕ್ಕರೆ ಮಾಡಿಬಿಡುತ್ತವೆ. ತಳ ಹತ್ತದಿರಲಿ ಅಂತ ಕಡಾಯಿಗೆ ನುಣ್ಣನೆಯ ಸಣ್ಣ ಕಲ್ಲುಗಳನ್ನು ಹಾಕಿರುತ್ತಾರೆ. ಬಡಿಸಿದಾಗ ಯಾರ ಬಟ್ಟಲಿಗೆ ಕಲ್ಲು ಬಂತೋ ಅವರು ಮನಸ್ಸಿನಲ್ಲಿ ಏನಾದರೂ ಬೇಡಿಕೊಳ್ಳಬಹುದು.

ಇಷ್ಟನ್ನು ಒಬ್ಬಳೇ ಮಾಡಲು ಸಾಧ್ಯವೇ? ಇಲ್ಲ. ಅಕ್ಕಪಕ್ಕದ ಮನೆಯ ಹೆಂಗಸರೆಲ್ಲ ಸೇರಿ ಸರದಿ ಮೇಲೆ ಕೈಯಾಡಿಸುತ್ತಾರೆ. ಹಾಡು, ಹರಟೆ, ನಗು ಎಲ್ಲಾ ಆ ಕಡಾಯಿಯ ಸುತ್ತಲೇ. ನನ್ನನ್ನು ಕೇಳಿದರೆ ಬೆಳಗಾಗುವಷ್ಟರಲ್ಲಿ ಅರ್ಧ ಹಬ್ಬ ಮುಗಿದೇ ಹೋಗಿರುತ್ತದೆ. ಮೆಕ್ಸಿಕೋದಲ್ಲಿ ಕ್ರಿಸ್‌ಮಸ್‌ಗೆ ತಮಾಲೆ ಮಾಡುವಾಗಲೂ ಹೀಗೇ. ಒಬ್ಬರು ಮೆಕ್ಕೆಜೋಳದ ತೆನೆಯ ಸಿಪ್ಪೆಗೆ ಹಿಟ್ಟು ಸವರಿದರೆ, ಇನ್ನೊಬ್ಬರು ಹೂರಣ ಇಡುತ್ತಾರೆ, ಮತ್ತೊಬ್ಬರು ಮಡಿಸುತ್ತಾರೆ.

ಜಪಾನಿನವರು ಸ್ವಲ್ಪ ಜಾಣರು ಬಿಡಿ. ಹೊಸ ವರ್ಷದ ಒಸೆಚಿ ಅಡುಗೆಯನ್ನು ಡಿಸೆಂಬರ್ ಕೊನೆಯಲ್ಲೇ ಮಾಡಿ, ಡಬ್ಬಿಗಳಲ್ಲಿ ತುಂಬಿ, ಒಂದರ ಮೇಲೊಂದು ಪೇರಿಸಿಡುತ್ತಾರೆ. ಸಕ್ಕರೆ, ಸೋಯಾ ಸಾಸ್, ವಿನೆಗರ್ ಜಾಸ್ತಿ ಇರುವುದರಿಂದ ಬೇಗ ಕೆಡುವುದಿಲ್ಲ. ಜನವರಿಯ ಮೊದಲ 3 ದಿನ ಅಡುಗೆಮನೆಗೆ ರಜೆ.

ಹೊರಗಿನಿಂದ ತರಿಸಬೇಡಿ ಅಂತ ನಾನು ಹೇಳುವುದಿಲ್ಲ. ಒಬ್ಬರೇ ಒಲೆ ಮುಂದೆ ನಿಂತು ಬೇಯುವಂಥದ್ದನ್ನು ಧಾರಾಳವಾಗಿ ತರಿಸಿ. ನಾಲ್ಕು ಜನ ಕೂತು ಮಾಡುವಂಥ ಒಂದನ್ನು ಮಾತ್ರ ಮನೆಯಲ್ಲೇ ಉಳಿಸಿಕೊಳ್ಳಿ. ‘ನಿನ್ನ ಕೈರುಚಿ ಯಾರಿಗೂ ಬರಲ್ಲ’ ಅಂತ ಹೊಗಳಿ ಮೊಬೈಲ್ ಹಿಡಿದು ಕೂರುವವರು ಮನೆಯಲ್ಲಿ ಇದ್ದೇ ಇರುತ್ತಾರೆ, ಅಲ್ವಾ? ಮೊದಲು ಅವರ ಕೈಗೇ ಹಿಟ್ಟು ಕೊಡಿ. ಆಕಾರ ಸೊಟ್ಟಗಾದರೆ ಆಗಲಿ, ಹೊಟ್ಟೆಗೇನು ಗೊತ್ತಾಗುತ್ತದೆ?

ಪ್ರಶ್ನೆ: ಈಸ್ಟರ್ ಹಬ್ಬಕ್ಕೂ ಮೊಟ್ಟೆಗೂ ಏನು ನಂಟು?
- ಕುತೂಹಲಿ

ಉತ್ತರ: ಹೊಸ ಬದುಕಿನ ಗುರುತು ಅನ್ನುವುದು ಒಂದು ಕಾರಣ. ಇನ್ನೊಂದು ಅಡುಗೆಮನೆಯದು. ಹಿಂದೆ ಯುರೋಪಿನಲ್ಲಿ ಈಸ್ಟರ್‌ಗೆ ಮುಂಚಿನ 40 ದಿನಗಳ ಉಪವಾಸದಲ್ಲಿ ಮಾಂಸದ ಜೊತೆ ಮೊಟ್ಟೆಯನ್ನೂ ಬಿಡುತ್ತಿದ್ದರು. ಕೋಳಿಗೇನು ಉಪವಾಸವೇ? ಅದು ಇಡುತ್ತಲೇ ಇತ್ತು. ಹಬ್ಬದ ಹೊತ್ತಿಗೆ ಮನೆ ತುಂಬ ಮೊಟ್ಟೆ. ಉಪವಾಸಕ್ಕೆ ಮುಂಚೆ ಉಳಿದ ಮೊಟ್ಟೆ, ಹಾಲು, ಬೆಣ್ಣೆ ಖಾಲಿ ಮಾಡಲು ಪ್ಯಾನ್‌ಕೇಕ್ ಹುಯ್ಯುತ್ತಿದ್ದರು. ಬ್ರಿಟನ್ನಿನಲ್ಲಿ ಉಪವಾಸದ ಹಿಂದಿನ ಮಂಗಳವಾರ ಇವತ್ತಿಗೂ ಪ್ಯಾನ್‌ಕೇಕ್ ದಿನವೇ.