ಮೊಬೈಲ್‌ನಲ್ಲಿ ಮಾತ್ರ ಎಚ್ಚರಿಕೆ ಬರುತ್ತಿದೆಯೇ?

ಪ್ರಶ್ನೆ: ದಾವಣಗೆರೆಯ ನಮ್ಮ ಬಟ್ಟೆ ಅಂಗಡಿಯ ವೆಬ್‌ಸೈಟ್‌ಗೆ ಎನ್‌ಜಿನ್‌ಎಕ್ಸ್ (ವೆಬ್‌ಸೈಟ್ ಒದಗಿಸುವ ತಂತ್ರಾಂಶ) ಸರ್ವರ್‌ನಲ್ಲಿ ಲೆಟ್ಸ್ ಎನ್‌ಕ್ರಿಪ್ಟ್ ಸಂಸ್ಥೆ ಉಚಿತವಾಗಿ ಕೊಡುವ ಸುರಕ್ಷತಾ ಸರ್ಟಿಫಿಕೇಟ್ ಹಾಕಿದ್ದೇವೆ. ಕಂಪ್ಯೂಟರ್‌ನಲ್ಲಿ ಸರಿಯಾಗಿ ತೆರೆಯುತ್ತದೆ, ಕೆಲವು ಮೊಬೈಲ್‌ಗಳಲ್ಲಿ ‘ಸುರಕ್ಷಿತವಲ್ಲ’ ಎನ್ನುತ್ತದೆ. ಏಕೆ?
– ಓದುಗರು, ಪಿ.ಜೆ. ಬಡಾವಣೆ

ಉತ್ತರ: ಎನ್‌ಜಿನ್‌ಎಕ್ಸ್ ಸೆಟ್ಟಿಂಗ್‌ನಲ್ಲಿ ನೀವು ಬಹುಶಃ ‘ಸರ್ಟ್.ಪೆಮ್’ (cert.pem) ಫೈಲ್ ಕೊಟ್ಟಿದ್ದೀರಿ, ನೋಡಿ. ಅದರಲ್ಲಿ ನಿಮ್ಮ ಸರ್ಟಿಫಿಕೇಟ್ ಮಾತ್ರ ಇರುತ್ತದೆ. ಅದಕ್ಕೆ ಸಹಿ ಹಾಕಿದ, ಬ್ರೌಸರ್ ನಂಬುವ ಮೂಲ ಸರ್ಟಿಫಿಕೇಟ್‌ಗೆ ಅದನ್ನು ಜೋಡಿಸುವ ಮಧ್ಯದ (ಇಂಟರ್‌ಮೀಡಿಯೆಟ್) ಸರ್ಟಿಫಿಕೇಟ್ ಇರುವುದಿಲ್ಲ. ಕಂಪ್ಯೂಟರ್ ಬ್ರೌಸರ್‌ಗಳು ಎಷ್ಟೋ ಸಲ ಅದನ್ನು ತಾವೇ ಹುಡುಕಿಕೊಳ್ಳುತ್ತವೆ, ಎಲ್ಲ ಮೊಬೈಲ್‌ಗಳೂ ಹುಡುಕುವುದಿಲ್ಲ. ಆ ಜಾಗದಲ್ಲಿ ಎರಡೂ ಇರುವ ‘ಫುಲ್‌ಚೈನ್.ಪೆಮ್’ (fullchain.pem) ಬರೆಯಿರಿ, ಕೀ ಫೈಲ್ ‘ಪ್ರೈವ್‌ಕೀ.ಪೆಮ್’ ಹಾಗೇ ಇರಲಿ. ಸೆಟ್ಟಿಂಗ್ ಫೈಲ್ ಸರಿಯಿದೆಯೇ ಎಂದು ಪರೀಕ್ಷಿಸಿದ ಮೇಲೆಯೇ ಎನ್‌ಜಿನ್‌ಎಕ್ಸ್ ರೀಲೋಡ್ ಮಾಡಿ.

ಇನ್ನೊಂದು ಮಾತು: ಈ ಸರ್ಟಿಫಿಕೇಟ್‌ನ ಅವಧಿ ಸಾಮಾನ್ಯವಾಗಿ 90 ದಿನ. ಸರ್ಟಿಫಿಕೇಟ್ ಪಡೆದು ನವೀಕರಿಸುವ ತಂತ್ರಾಂಶ ಸರ್ಟ್‌ಬಾಟ್ ತಾನಾಗಿ ನವೀಕರಿಸಿದರೂ ಎನ್‌ಜಿನ್‌ಎಕ್ಸ್ ರೀಲೋಡ್ ಆಗದಿದ್ದರೆ ಸರ್ವರ್ ಹಳೆಯದನ್ನೇ ತೋರಿಸುತ್ತಿರುತ್ತದೆ. ವೆಬ್‌ಸೈಟ್ ನಿಮ್ಮದೇ ಎಂದು 80ನೇ ಪೋರ್ಟ್ ಮೂಲಕ ಪರಿಶೀಲಿಸುವ ಎಚ್‌ಟಿಟಿಪಿ ವಿಧಾನದಲ್ಲಿ ಸರ್ಟಿಫಿಕೇಟ್ ಪಡೆದಿದ್ದರೆ ಆ ಪೋರ್ಟನ್ನು ಫೈರ್‌ವಾಲ್‌ನಲ್ಲಿ ದಯವಿಟ್ಟು ಮುಚ್ಚಬೇಡಿ, ನವೀಕರಣವೇ ನಿಂತುಹೋಗುತ್ತದೆ.