ಬುಲ್‌ಡಾಗ್ ತರುವ ಮೊದಲು ಅದರ ಅಮ್ಮನನ್ನು ನೋಡಿ

ಓದುಗರ ಪ್ರಶ್ನೆ, ಪಶುವೈದ್ಯರ ಉತ್ತರ

ಪ್ರಶ್ನೆ: ನಾವು ಕಾರವಾರದ ಕೋಡಿಬಾಗದವರು. ಮಗಳಿಗೆ 11 ವರ್ಷ. ಮೊಬೈಲಿನಲ್ಲಿ ನೋಡಿ ನೋಡಿ ಇಂಗ್ಲಿಷ್ ಬುಲ್‌ಡಾಗೇ ಬೇಕು ಅಂತ ಹಟ ಹಿಡಿದಿದ್ದಾಳೆ. ನಾನೂ ನಮ್ಮ ಮನೆಯವರೂ ಬೆಳಗ್ಗೆ 9ಕ್ಕೆ ಕೆಲಸಕ್ಕೆ ಹೋದರೆ ಬರುವುದು ಸಂಜೆ 6ಕ್ಕೆ. ಹಗಲು ಮನೆಯಲ್ಲಿ ಅತ್ತೆ ಒಬ್ಬರೇ. ಅವರಿಗೆ ಮೊಣಕಾಲು ನೋವು, ನಾಯಿ ಅಂದರೆ ಸ್ವಲ್ಪ ಹೆದರಿಕೆಯೂ ಇದೆ. ಬೆಂಗಳೂರಿನ ಒಬ್ಬರು 40 ದಿನದ ಮರಿಯ ಫೋಟೊ ಕಳಿಸಿದ್ದಾರೆ. ಅರ್ಧ ದುಡ್ಡು ಮೊದಲೇ ಹಾಕಿದರೆ ರಾತ್ರಿ ಬಸ್ಸಿಗೆ ಕಳಿಸುತ್ತೇನೆ, ಪೇಪರ್ ಎಲ್ಲಾ ಇದೆ ಅನ್ನುತ್ತಾರೆ. ತರಬಹುದಾ ಡಾಕ್ಟ್ರೇ? ತರುವುದಾದರೆ ಏನೇನು ವಿಚಾರಿಸಬೇಕು?
(ಹೆಸರು ಬೇಡ, ಕಾರವಾರ)

ಉತ್ತರ: ಮೊದಲು ಆ ದುಡ್ಡಿನ ವಿಷಯ. ಹಾಕಬೇಡಿ. ನಾಯಿಗಳ ತಳಿ ಬೆಳೆಸುವುದಕ್ಕೂ ಮಾರುವುದಕ್ಕೂ ಕೇಂದ್ರ ಸರ್ಕಾರ 2017ರಲ್ಲಿ ನಿಯಮ ಮಾಡಿದೆ. ಅದರ ಪ್ರಕಾರ 8 ವಾರ ತುಂಬದ ಮರಿಯನ್ನು ಮಾರುವಂತಿಲ್ಲ. ಬ್ರೀಡರ್ ಆದವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿ ಮಾಡಿಸಿರಬೇಕು. 40 ದಿನದ ಮರಿಯನ್ನು ತಾಯಿಯಿಂದ ಬಿಡಿಸಿ ರಾತ್ರಿ ಬಸ್ಸಿಗೆ ಹಾಕುವವರಿಗೆ ಆ ನಿಯಮ ಗೊತ್ತಿಲ್ಲ, ಇಲ್ಲವೇ ಗೊತ್ತಿದ್ದೂ ಲೆಕ್ಕಕ್ಕಿಲ್ಲ. ಎರಡರಲ್ಲಿ ಯಾವುದಾದರೂ ನಿಮಗೆ ನಷ್ಟವೇ. ಮೊದಲೇ ಉಸಿರು ಕಟ್ಟುವ ಜಾತಿ ಇದು. ಅದನ್ನು ಪೆಟ್ಟಿಗೆಯಲ್ಲಿ ಹಾಕಿ ಘಟ್ಟ ಇಳಿಸುವುದು ಅಂದರೆ ನನಗಂತೂ ಎದೆ ಝಲ್ ಅನ್ನುತ್ತದೆ.

ಇನ್ನು ಬುಲ್‌ಡಾಗಿನ ವಿಷಯ. ಮನುಷ್ಯರ ಹಾಗೆ ನಾಯಿಗೆ ಮೈಯೆಲ್ಲಾ ಬೆವರುವುದಿಲ್ಲ. ನಾಲಿಗೆ ಹೊರಗೆ ಹಾಕಿ ತೇಕಿದಾಗ ಬಾಯಿ, ಗಂಟಲಿನ ತೇವ ಆವಿಯಾಗಬೇಕು, ಆಗಲೇ ಮೈ ತಂಪಾಗುವುದು. ಬುಲ್‌ಡಾಗಿನ ಮುಖವನ್ನು ತಲೆಮಾರುಗಳಿಂದ ಚಪ್ಪಟೆ ಮಾಡುತ್ತಾ ಬಂದಿದ್ದಾರೆ. ಹೊರಗೆ ಮೂತಿ ಗಿಡ್ಡವಾಯಿತು, ಒಳಗಿನ ಮಾಂಸ ಮಾತ್ರ ಅಷ್ಟೇ ಉಳಿಯಿತು. ಹಾಗಾಗಿ ಮೂಗಿನ ಹೊಳ್ಳೆ ಸಣ್ಣ ಸೀಳಿನಂತಿರುತ್ತದೆ. ಅಂಗುಳಿನ ಹಿಂಭಾಗದ ಮೆತ್ತನೆಯ ಭಾಗ ಉದ್ದವಾಗಿ ಗಂಟಲಿಗೆ ಅಡ್ಡ ಬರುತ್ತದೆ. ಬುಲ್‌ಡಾಗಿನಲ್ಲಿ ಶ್ವಾಸನಾಳವೇ ಕಿರಿದಾಗಿರುವುದೂ ಉಂಟು. ಜನ ಮುದ್ದು ಅಂತ ವಿಡಿಯೊ ಮಾಡುವ ಆ ಗೊರಕೆ ಎಷ್ಟೋ ಸಲ ಗಾಳಿಗೆ ಒದ್ದಾಡುವ ಸದ್ದು.

ಇದಕ್ಕೆ ನಮ್ಮ ಕರಾವಳಿಯ ಸೆಖೆಯನ್ನು ಸೇರಿಸಿ ನೋಡಿ. ಕಾರವಾರದ ಏಪ್ರಿಲ್, ಮೇ ನಿಮಗೆ ಗೊತ್ತೇ ಇದೆಯಲ್ಲ. ಬಿಸಿಲು ರಾಯಚೂರಿನಷ್ಟಿಲ್ಲ, ನಿಜ. ಆದರೆ ಗಾಳಿಯಲ್ಲಿ ನೀರೇ ತುಂಬಿರುತ್ತದೆ. ಮಳೆಗಾಲದಲ್ಲಿ ತಂತಿಯ ಮೇಲೆ ಹಾಕಿದ ಬಟ್ಟೆ ಒಣಗದ ಹಾಗೆ, ನಾಯಿಯ ಗಂಟಲಿನ ತೇವವೂ ಬೇಗ ಆವಿಯಾಗುವುದಿಲ್ಲ. ನಾಯಿ ಇನ್ನೂ ಜೋರಾಗಿ ತೇಕುತ್ತದೆ. ತೇಕಿದಷ್ಟೂ ಗಂಟಲು ಬಾಯುತ್ತದೆ, ಬಾತಷ್ಟೂ ದಾರಿ ಕಿರಿದಾಗುತ್ತದೆ. ನಾಯಿಯ ಮೈ ಬಿಸಿ ಸಾಮಾನ್ಯವಾಗಿ 38ರಿಂದ 39 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಅದು 41 ದಾಟಿದರೆ ಜೀವಕ್ಕೆ ಅಪಾಯ. ಬೇರೆ ನಾಯಿಗೆ ಸುಸ್ತು ಅನ್ನಿಸುವ ಮಧ್ಯಾಹ್ನ ಬುಲ್‌ಡಾಗಿಗೆ ಆಸ್ಪತ್ರೆಯ ಮಧ್ಯಾಹ್ನ ಆಗಬಹುದು.

ಹೆದರಿಸಲು ಹೇಳುತ್ತಿಲ್ಲ. ಬ್ರಿಟನ್ನಿನ ರಾಯಲ್ ವೆಟರ್ನರಿ ಕಾಲೇಜು 2022ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷದಲ್ಲಿ ಒಂದಾದರೂ ಕಾಯಿಲೆ ಬರುವ ಸಾಧ್ಯತೆ ಬೇರೆ ನಾಯಿಗಳಿಗಿಂತ ಇಂಗ್ಲಿಷ್ ಬುಲ್‌ಡಾಗಿಗೆ ಎರಡು ಪಟ್ಟು ಅಂತ ಕಂಡುಬಂತು. ಅದೇ ವರ್ಷ ಅಲ್ಲಿಂದಲೇ ಬಂದ ಇನ್ನೊಂದು ಲೆಕ್ಕದಲ್ಲಿ ಈ ತಳಿಯ ಸರಾಸರಿ ಆಯಸ್ಸು ಸುಮಾರು 7.4 ವರ್ಷ. ಅದು ಬ್ರಿಟನ್ನಿನ ತಂಪಿನಲ್ಲಿ! ನಿಮ್ಮ ಮಗಳು ಪಿಯುಸಿ ಮುಗಿಸುವ ಹೊತ್ತಿಗೆ ಅವಳ ನಾಯಿ ಮುದಿಯಾಗಿರುತ್ತದೆ. ಇದನ್ನು ಅವಳಿಗೆ ಈಗಲೇ ಹೇಳಿ.

ಹಾಗಾದರೆ ಒಳ್ಳೆಯ ಮರಿ ಆರಿಸುವುದು ಹೇಗೆ? ಸಿಕ್ಕು ಇರುವುದೇ ಇಲ್ಲಿ. ಎರಡು ತಿಂಗಳ ಮರಿಯನ್ನು ನೋಡಿ, ದೊಡ್ಡದಾದ ಮೇಲೆ ಹೇಗೆ ಉಸಿರಾಡುತ್ತದೆ ಅಂತ ಹೇಳುವುದು ನನಗೂ ಕಷ್ಟ. ತೊಂದರೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಬೆಳೆಯುತ್ತಾ ಬೆಳೆಯುತ್ತಾ. ಅದಕ್ಕೇ ಮರಿಯನ್ನು ಆಮೇಲೆ ನೋಡಿ, ಅಪ್ಪ ಅಮ್ಮನನ್ನು ಮೊದಲು ನೋಡಿ. ಅಮ್ಮನನ್ನು ತೋರಿಸದ ಬ್ರೀಡರ್ ಹತ್ತಿರ ಮಾತು ಮುಂದುವರಿಸಬೇಡಿ. "ಊರಿಗೆ ಕಳಿಸಿದ್ದೇವೆ", "ಫ್ರೆಂಡ್ ಮನೆಯಲ್ಲಿದೆ" ಅನ್ನುವುದೆಲ್ಲಾ ಹಳೇ ಕಥೆ.

ಹೋದಾಗ ಅಮ್ಮ ಸುಮ್ನೆ ಮಲಗಿರುವಾಗ ಕಿವಿಗೊಟ್ಟು ಕೇಳಿ. ಎಚ್ಚರವಿದ್ದಾಗಲೂ ಗೊರ ಗೊರ ಸದ್ದು ಬರುತ್ತದಾ? ಹೊಳ್ಳೆ ತೆರೆದಿದೆಯಾ, ಗೆರೆಯಂತಿದೆಯಾ? ಆಮೇಲೆ ಬೆಳಗಿನ ತಂಪಿನಲ್ಲಿ ಮೂರು ನಿಮಿಷ ಚುರುಕಾಗಿ ನಡೆಸಲು ಹೇಳಿ. ಕೇಂಬ್ರಿಜ್ ವಿಶ್ವವಿದ್ಯಾಲಯ ಮತ್ತು ಬ್ರಿಟನ್ನಿನ ಕೆನಲ್ ಕ್ಲಬ್ (ತಳಿ ನಾಯಿಗಳನ್ನು ನೋಂದಣಿ ಮಾಡುವ ಸಂಸ್ಥೆ) 2019ರಲ್ಲಿ ಶುರು ಮಾಡಿದ ಉಸಿರಾಟ ಪರೀಕ್ಷೆಯೂ ಹೀಗೇ. ವೈದ್ಯರು ಮೂರು ನಿಮಿಷ ಓಡಿಸುವ ಮೊದಲೂ ಆಮೇಲೂ ಸ್ಟೆತಸ್ಕೋಪ್ ಇಟ್ಟು ಕೇಳಿ 0ಯಿಂದ 3ರವರೆಗೆ ದರ್ಜೆ ಕೊಡುತ್ತಾರೆ. 3 ಬಂದ ನಾಯಿಯಿಂದ ಮರಿ ಮಾಡಿಸಬಾರದು. ನಮ್ಮಲ್ಲಿ ಆ ಸರ್ಟಿಫಿಕೇಟ್ ಸಿಗದೇ ಹೋಗಬಹುದು, ನಿಮ್ಮ ಕಿವಿಯಂತೂ ಇದೆ. ಮೂರು ನಿಮಿಷದ ನಡಿಗೆಗೇ ಅಮ್ಮ ನೊರೆ ಕಾರಿ ಕುಳಿತರೆ ನೀವು ಬಂದ ದಾರಿ ಹಿಡಿಯಬಹುದು. ಅಪ್ಪ ಬೇರೆ ಊರಿನಲ್ಲಿದ್ದರೆ ಅದು ನಡೆಯುವ, ನಿದ್ದೆ ಮಾಡುವ ವಿಡಿಯೊವನ್ನು ಸದ್ದಿನ ಸಮೇತ ಕೇಳಿ. ಹಿಂದೆ ಹಾಡು ಹಾಕಿದ ವಿಡಿಯೊ ಬೇಡ.

ಇನ್ನು ಕೇಳಬೇಕಾದ್ದು. ಅಮ್ಮನಿಗೆ ವಯಸ್ಸೆಷ್ಟು, ಇದು ಎಷ್ಟನೇ ಸೂಲು? 18 ತಿಂಗಳಾಗದ ಹೆಣ್ಣಿನಿಂದ ಮರಿ ಮಾಡಿಸುವಂತಿಲ್ಲ. ಹೆರಿಗೆ ಹೇಗಾಯಿತು? ಬುಲ್‌ಡಾಗಿನ ಮರಿಗೆ ತಲೆ ದೊಡ್ಡದು, ತಾಯಿಯ ಸೊಂಟ ಕಿರಿದು. ಬ್ರಿಟನ್ನಿನ ಒಂದು ಸಮೀಕ್ಷೆಯಲ್ಲಿ 80 ಶೇಕಡಾಕ್ಕಿಂತ ಜಾಸ್ತಿ ಬುಲ್‌ಡಾಗ್ ಹೆರಿಗೆ ಸಿಸೇರಿಯನ್ನೇ ಆಗಿತ್ತು. ಹಾಗಾಗಿ ಸಿಸೇರಿಯನ್ ಆಗಿದೆ ಅನ್ನುವುದೇ ದೋಷವಲ್ಲ. ಒಂದೇ ನಾಯಿಯ ಹೊಟ್ಟೆಯನ್ನು ಮತ್ತೆ ಮತ್ತೆ ಕೊಯ್ಯಿಸುವವರ ಹತ್ತಿರ ಮಾತ್ರ ಹೋಗಬೇಡಿ. ಸೊಂಟದ ಕೀಲಿನ ಎಕ್ಸ್‌ರೇ ಆಗಿದೆಯಾ, ಹೃದಯ ಪರೀಕ್ಷೆ ಆಗಿದೆಯಾ, ಹಿಂದಿನ ಮರಿಗಳಲ್ಲಿ ಯಾವುದಕ್ಕಾದರೂ ಮೂಗು, ಅಂಗುಳಿನ ಆಪರೇಷನ್ ಆಯಿತಾ? ಕಣ್ಣಿನ ಮೂಲೆಯಲ್ಲಿ ಕೆಂಪು ಗಡ್ಡೆ ಎದ್ದು ಬರುವ ಚೆರಿ ಐ ಇತ್ತಾ? ಮೂತ್ರದಲ್ಲಿ ಯೂರಿಕ್ ಆಮ್ಲ ಜಾಸ್ತಿಯಾಗಿ ಕಲ್ಲು ಕಟ್ಟುವ ತೊಂದರೆ ಈ ತಳಿಯಲ್ಲಿ ವಂಶದಿಂದ ಬರುತ್ತದೆ, ಅದಕ್ಕೆ ಡಿಎನ್‌ಎ ಪರೀಕ್ಷೆ ಇದೆ. ಇಷ್ಟೂ ಪರೀಕ್ಷೆ ಮಾಡಿಸಿದವರು ಸಿಗುವುದು ಅಪರೂಪ. ಆದರೆ ಕೇಳಿದ ತಕ್ಷಣ ಸಿಟ್ಟಾಗುವವರು ಯಾರು, ಕೂತು ಉತ್ತರ ಕೊಡುವವರು ಯಾರು ಅನ್ನುವುದು ಗೊತ್ತಾಗುತ್ತದೆ. ಒಳ್ಳೆಯ ಬ್ರೀಡರ್ ನಿಮ್ಮನ್ನೇ ತಿರುಗಿ ವಿಚಾರಿಸುತ್ತಾರೆ: ಮನೆಯಲ್ಲಿ ಎಸಿ ಇದೆಯಾ, ಹಗಲು ಯಾರಿರುತ್ತಾರೆ ಅಂತ.

"ಪೇಪರ್ ಇದೆ" ಅಂದರಲ್ಲ, ಅದು ಬಹುಶಃ ಕೆನಲ್ ಕ್ಲಬ್ ಆಫ್ ಇಂಡಿಯಾದ ನೋಂದಣಿ ಪತ್ರ. ಅದು ವಂಶಾವಳಿ ಹೇಳುತ್ತದೆ, ಆರೋಗ್ಯ ಹೇಳುವುದಿಲ್ಲ. ಪತ್ರದಲ್ಲಿರುವ ಮೈಕ್ರೋಚಿಪ್ ಸಂಖ್ಯೆ ನಾಯಿಯ ಮೈಯಲ್ಲಿರುವ ಚಿಪ್ಪಿಗೆ ತಾಳೆಯಾಗುತ್ತದಾ ಅಂತ ಸ್ಕ್ಯಾನ್ ಮಾಡಿಸಿ ನೋಡಿ. ಲಸಿಕೆ ಕಾರ್ಡಿನಲ್ಲಿ ಔಷಧಿ ಬಾಟಲಿಯ ಸ್ಟಿಕ್ಕರ್, ವೈದ್ಯರ ಸಹಿ, ಮೊಹರು ಇರಬೇಕು. ಬರೀ ಪೆನ್ನಿನಲ್ಲಿ ಬರೆದ ತಾರೀಖು ನಂಬಬೇಡಿ, ಪಾರ್ವೊ ಅನ್ನುವ ವೈರಸ್ ಕಾಯಿಲೆ ಬಂದರೆ ಮರಿ ಎರಡು ಮೂರು ದಿನದಲ್ಲಿ ಹೋಗಿಬಿಡಬಹುದು. ಮತ್ತೆ, ನೀಲಿ ಬಣ್ಣ, ಮಚ್ಚೆ ಮಚ್ಚೆಯ ಮರ್ಲ್ ಅಂತ "ಅಪರೂಪದ ಬಣ್ಣ"ಕ್ಕೆ ಜಾಸ್ತಿ ದುಡ್ಡು ಕೇಳಿದರೆ ಕೈಮುಗಿದು ಎದ್ದು ಬನ್ನಿ. ತಳಿಯ ಮಾನದಂಡ ಆ ಬಣ್ಣಗಳನ್ನು ಒಪ್ಪುವುದೇ ಇಲ್ಲ. ಬಣ್ಣಕ್ಕಾಗಿ ಮರಿ ಮಾಡಿಸುವವರು ಉಸಿರಿನ ಕಡೆ ನೋಡಿರುವುದು ಕಡಿಮೆ.

ಸ್ವಭಾವದ ಬಗ್ಗೆ ಅತ್ತೆಯವರಿಗೆ ಧೈರ್ಯ ಹೇಳಬಹುದು. ಗೂಳಿಯ ಮೇಲೆ ಛೂ ಬಿಡುವ ಆಟಕ್ಕೆ ಬೆಳೆಸಿದ ನಾಯಿ ಇದು, ನಿಜ. ಆದರೆ ಇಂಗ್ಲೆಂಡಿನಲ್ಲಿ ಆ ಆಟ 1835ರಲ್ಲೇ ನಿಷೇಧವಾಯಿತು. ಆಮೇಲಿನ ಬ್ರೀಡರುಗಳು ಸಾಧು ನಾಯಿಗಳನ್ನೇ ಆರಿಸುತ್ತಾ ಬಂದರು. ಇವತ್ತಿನ ಬುಲ್‌ಡಾಗ್ ಮಕ್ಕಳ ಜೊತೆ ಚೆನ್ನಾಗಿ ಹೊಂದಿಕೊಳ್ಳುತ್ತದೆ, ಬೊಗಳುವುದು ಕಡಿಮೆ, ಜೊಲ್ಲು ಮತ್ತು ಹೂಸು ಜಾಸ್ತಿ. ಹಟಮಾರಿ. ಕರೆದರೆ ಬರುವುದಿಲ್ಲ, ಯೋಚನೆ ಮಾಡಿ ಬರುತ್ತದೆ. ಕೆಲವು ಊಟದ ತಟ್ಟೆ ಮುಟ್ಟಿದರೆ ಗುರ್ ಅನ್ನುತ್ತವೆ, ಕೆಲವಕ್ಕೆ ಬೇರೆ ನಾಯಿ ಕಂಡರೆ ಆಗುವುದಿಲ್ಲ. ಮರಿ ಹುಟ್ಟಿದ ಮೂರನೇ ವಾರದಿಂದ ಮೂರು ಮೂರೂವರೆ ತಿಂಗಳವರೆಗೆ ಯಾರ ನಡುವೆ ಬೆಳೆಯಿತು ಅನ್ನುವುದು ಮುಖ್ಯ. ಮಿಕ್ಸರ್ ಸದ್ದು, ಮಕ್ಕಳ ಗಲಾಟೆ ಕೇಳಿಕೊಂಡು ಮನೆಯೊಳಗೆ ಬೆಳೆದ ಮರಿಗೂ ಶೆಡ್ಡಿನ ಪಂಜರದಲ್ಲಿ ಬೆಳೆದ ಮರಿಗೂ ತುಂಬಾ ವ್ಯತ್ಯಾಸ.

ಇಷ್ಟೆಲ್ಲಾ ಹೇಳಿದ ಮೇಲೆ ನನ್ನ ಅಭಿಪ್ರಾಯ: ನಿಮ್ಮ ಮನೆಗೆ ಈಗ ಬುಲ್‌ಡಾಗ್ ಮರಿ ಬೇಡ. ಅದಕ್ಕೆ ಕಾರಣ ಅತ್ತೆಯವರ ಭಯ ಅಲ್ಲ, ಅವರ ಮೊಣಕಾಲು. ಮರಿಗೆ ದಿನಕ್ಕೆ ನಾಲ್ಕು ಸಲ ಊಟ, ಮತ್ತೆ ಮತ್ತೆ ಹೊರಗೆ ಕರೆದೊಯ್ಯುವುದು, ಮುಖದ ಮಡಿಕೆ ಒರೆಸುವುದು ಇವೆಲ್ಲಾ ಅವರ ಮೇಲೆ ಬೀಳುತ್ತವೆ. ಮೇ ತಿಂಗಳ ಮಧ್ಯಾಹ್ನ ಕರೆಂಟ್ ಹೋಗಿ ನಾಯಿ ತೇಕಲು ಶುರು ಮಾಡಿದರೆ, ಬೆಳೆದ ಮೇಲೆ 23ರಿಂದ 25 ಕಿಲೊ ಆಗುವ ಪ್ರಾಣಿಯನ್ನು ಅವರೊಬ್ಬರೇ ಎತ್ತುವುದು ಹೇಗೆ?

ಮಗಳ ಆಸೆಗೆ ಇನ್ನೊಂದು ದಾರಿ ಇದೆ. ಸಾಕಲಾಗದೆ ಬಿಟ್ಟುಕೊಡುವವರ ಎರಡು ಮೂರು ವರ್ಷದ ಬುಲ್‌ಡಾಗ್ ಆಗಾಗ ಸಿಗುತ್ತದೆ. ಆ ವಯಸ್ಸಿಗೆ ಉಸಿರು ಹೇಗೆ, ಸ್ವಭಾವ ಹೇಗೆ ಅನ್ನುವುದು ಬಹುಪಾಲು ಕಣ್ಣಿಗೇ ಕಾಣುತ್ತದೆ. ಉಚ್ಚೆಗೆ ಹೊರಗೆ ಹೋಗುವುದನ್ನೂ ಕಲಿತಿರುತ್ತದೆ. ಮೊದಲು ನಿಮ್ಮ ವೈದ್ಯರಿಗೆ ತೋರಿಸಿ ಆಮೇಲೆ ಒಪ್ಪಿಕೊಳ್ಳಿ. ಚಪ್ಪಟೆ ಮೂತಿಯ ನಾಯಿಗೆ ಅರಿವಳಿಕೆ ಕೊಟ್ಟು ಅಭ್ಯಾಸವಿದೆಯಾ, ಇಲ್ಲದಿದ್ದರೆ ಗೋವಾಕ್ಕೆ ಹೋಗಬೇಕಾ ಹುಬ್ಬಳ್ಳಿಗಾ ಅಂತ ಅವರನ್ನೇ ಕೇಳಿಟ್ಟುಕೊಳ್ಳಿ. ರಾತ್ರಿ ಅರಬೈಲ್ ಘಟ್ಟ ಹತ್ತುತ್ತಾ ಫೋನ್ ಮಾಡಿ ವಿಚಾರಿಸುವ ವಿಷಯವಲ್ಲ ಅದು. ಪಗ್, ಫ್ರೆಂಚ್ ಬುಲ್‌ಡಾಗ್ ಆದರೆ ಪರವಾಗಿಲ್ವಾ ಅಂತ ಮಗಳು ಕೇಳಿದರೆ, ಅವೂ ಇದೇ ಮೂತಿಯವು.

ಆದರೂ ಬುಲ್‌ಡಾಗ್ ಮನೆಗೆ ಬಂತು ಅನ್ನಿ. ವಾಕಿಂಗ್ ಬೆಳಗ್ಗೆ 6ರ ಒಳಗೆ, ಕತ್ತಿಗೆ ಪಟ್ಟಿ ಬೇಡ, ಎದೆಗೆ ಹಾಕುವ ಹಾರ್ನೆಸ್. ಟ್ಯಾಗೋರ್ ಬೀಚಿಗೆ ಕರೆದೊಯ್ದರೂ ನೀರಿಗೆ ಬಿಡಬೇಡಿ, ತಲೆ ಭಾರ, ಕಾಲು ಗಿಡ್ಡ, ಈಜಲು ಬರುವುದಿಲ್ಲ, ಮುಳುಗುತ್ತದೆ. ಮಳೆಗಾಲದಲ್ಲಿ ಮುಖದ ಮಡಿಕೆ, ಬಾಲದ ಬುಡದ ಗುಳಿ ದಿನವೂ ಒರೆಸಿ ಒಣಗಿಸಬೇಕು, ಇಲ್ಲದಿದ್ದರೆ ಬೂಸ್ಟು ಹಿಡಿದು ವಾಸನೆ ಬರುತ್ತದೆ. ದಪ್ಪವಾಗಲು ಬಿಡಲೇಬೇಡಿ. ಸೆಖೆಗೆ ತೇಕುತ್ತಾ ಬಿದ್ದರೆ ಮೈಮೇಲೆ ತಣ್ಣೀರು ಸುರಿದು ಫ್ಯಾನ್ ಹಾಕಿ, ಮೈ ತಂಪಾಗಲು ಶುರುವಾದ ಮೇಲೆ ಆಸ್ಪತ್ರೆಗೆ ಹೊರಡಿ. ಒದ್ದೆ ಟವೆಲ್ ಹೊದಿಸಿ ಬಿಡಬೇಡಿ, ಅದು ಬಿಸಿಯನ್ನು ಒಳಗೇ ಹಿಡಿದಿಡುತ್ತದೆ.

ಪ್ರಶ್ನೆ: ಶಿರಸಿ ಹತ್ತಿರ ನಮ್ಮದು ಅಡಿಕೆ ತೋಟ. ಮಂಗ, ಹಂದಿ ಕಾಟ. ತೋಟ ಕಾಯಲು ಬುಲ್‌ಡಾಗ್ ಹೇಗೆ? ನೋಡಿದರೇ ಹೆದರಬೇಕು, ಅಂಥ ನಾಯಿ ಬೇಕು.
(ಓದುಗರು, ಶಿರಸಿ)

ಉತ್ತರ: ಮಂಗಕ್ಕೆ ಮುಖ ನೋಡಿ ಹೆದರುವ ಅಭ್ಯಾಸ ಇಲ್ಲ ಮಾರಾಯ್ರೇ. ಓಡಿ ಬರುವ ನಾಯಿಗೆ ಹೆದರುತ್ತದೆ. ಬುಲ್‌ಡಾಗ್ ತೋಟದ ಇಳಿಜಾರಿನಲ್ಲಿ ಎರಡು ಸಲ ಹತ್ತಿ ಇಳಿದರೆ ನೀವೇ ಹೊತ್ತು ತರಬೇಕು. ಅದರ ಮುಖದ ಮಡಿಕೆಯಲ್ಲಿ ಉಂಬಳ, ಉಣುಗು ಹುಡುಕುವ ಕೆಲಸ ಬೇರೆ. ಊರ ನಾಯಿಯ ಎರಡು ಮರಿ ಸಾಕಿ, ಲಸಿಕೆ ಹಾಕಿಸಿ. ರಾತ್ರಿ ಅಂಗಳದಲ್ಲಿ ಕಟ್ಟಿಹಾಕಬೇಡಿ, ಚಿರತೆಗೆ ಸುಲಭದ ಊಟ ಆಗುತ್ತದೆ, ಕೊಟ್ಟಿಗೆಯ ಒಳಗೆ ಮಲಗಿಸಿ.

ಪ್ರಶ್ನೆ: ಬುಲ್‌ಡಾಗ್ ಸಾಕುವುದನ್ನು ಸರ್ಕಾರ ನಿಷೇಧ ಮಾಡಿದೆಯಂತೆ, ಹೌದಾ?
(ಓದುಗರು, ಅಂಕೋಲಾ)

ಉತ್ತರ: 2024ರ ಮಾರ್ಚ್‌ನಲ್ಲಿ ಕೇಂದ್ರ ಸರ್ಕಾರ 23 ತಳಿಗಳ ಮೇಲೆ ನಿರ್ಬಂಧ ಹಾಕುವಂತೆ ಸುತ್ತೋಲೆ ಕಳಿಸಿತ್ತು. ಅದರಲ್ಲಿ ಇದ್ದದ್ದು ಅಮೆರಿಕನ್ ಬುಲ್‌ಡಾಗ್. ಅದು ಎತ್ತರದ, ಓಡುವ ಬೇರೆಯೇ ನಾಯಿ. ನಾವು ಮಾತಾಡುತ್ತಿರುವ ಗಿಡ್ಡ ಕಾಲಿನ ಇಂಗ್ಲಿಷ್ ಬುಲ್‌ಡಾಗ್ ಆ ಪಟ್ಟಿಯಲ್ಲಿ ಇರಲಿಲ್ಲ. ಆ ಸುತ್ತೋಲೆಯನ್ನೂ ಕರ್ನಾಟಕ ಹೈಕೋರ್ಟ್ ಅದೇ ಏಪ್ರಿಲ್‌ನಲ್ಲಿ ರದ್ದು ಮಾಡಿತು. ಸಂಬಂಧಪಟ್ಟವರ ಜೊತೆ ಚರ್ಚಿಸದೇ ಹೊರಡಿಸಿದ್ದು ಸರಿಯಲ್ಲ ಅನ್ನುವುದು ಕೋರ್ಟಿನ ಮಾತು. ಚರ್ಚೆ ಮಾಡಿ ಮತ್ತೆ ನಿಯಮ ತರಲು ಸರ್ಕಾರಕ್ಕೆ ಅವಕಾಶ ಇದೆ. ಹಾಗಾಗಿ ನಾಯಿ ತರುವಾಗ ರಸೀದಿಯಲ್ಲಿ ತಳಿಯ ಪೂರ್ತಿ ಹೆಸರು ಬರೆಸಿಕೊಳ್ಳಿ, ಬರೀ "ಬುಲ್‌ಡಾಗ್" ಅಂತ ಇದ್ದರೆ ಸಾಲದು.